ತಾಯಿಯ ರಕ್ತ, ಮಗುವಿನ ಆರೋಗ್ಯ: ಮೈಸೂರಿನ ಅಧ್ಯಯನ ತೋರಿದ್ದೇನು?

ಬಸುರಿಯ ರಕ್ತದಲ್ಲಿನ ಸಕ್ಕರೆ ಮತ್ತು ಜೀವಸತ್ವಗಳ ಮಟ್ಟಕ್ಕೂ ಹುಟ್ಟಲಿರುವ ಮಗುವಿನ ಆರೋಗ್ಯಕ್ಕೂ ಏನು ನಂಟು ಎಂದು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಅಧ್ಯಯನವೊಂದು ಮೈಸೂರಿನಲ್ಲೇ ನಡೆದಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿನ ಮಿಷನ್ ಆಸ್ಪತ್ರೆ, ಅದರ ನೆಲೆ. ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದ ಅಲ್ಲಿ ಬರೆದಿಡಲಾಗಿತ್ತು. ದಶಕಗಳ ನಂತರ ಆ ದಫ್ತರಗಳು ಸಂಶೋಧಕರ ಕೈಗೆ ಸಿಕ್ಕವು.

ಬ್ರಿಟನ್ನಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬೇರೆ ಬಂತು: ಹುಟ್ಟುವಾಗ ಗಿಡ್ಡಗೆ, ಗುಂಡಗೆ ಇದ್ದವರಲ್ಲಿ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಜಾಸ್ತಿ. ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದು ಯಾರಿಗೂ ತಿಳಿಯದೇ ಹೋಗಿರಬಹುದೆ ಎಂಬ ಅನುಮಾನ ಹುಟ್ಟಿತು. ಹಳೆಯ ದಫ್ತರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹಾಗಾಗಿ 1997-98ರಲ್ಲಿ ಹೊಸದಾಗಿ 830 ಬಸುರಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಸುಮಾರು 30ನೇ ವಾರದಲ್ಲಿ ಹೆಂಗಸರು ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, 100 ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿದು, ಮುಂದಿನ ಮೂರು ಗಂಟೆ ಅಲ್ಲೇ ಕೂತು ಮತ್ತೆ ಮತ್ತೆ ರಕ್ತ ಕೊಡಬೇಕಿತ್ತು. ಏಳೆಂಟು ತಿಂಗಳ ಬಸುರಿಗೆ ಇದು ಸಣ್ಣ ಕಷ್ಟವಲ್ಲ. ಪರೀಕ್ಷೆಯಾದವರಲ್ಲಿ ಶೇ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡುಬಂತು.

ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತು, ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಐದು ವರ್ಷದ ನಂತರದ ತಪಾಸಣೆ ಬೇರೆಯದನ್ನೇ ಹೇಳಿತು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ಶೇ 37ರಷ್ಟು ಮಂದಿಗೆ ಮಧುಮೇಹ ಬಂದಿತ್ತು. ಉಳಿದವರಲ್ಲಿ ಅದು ಶೇ 2 ಮಾತ್ರ. ಒಂಬತ್ತೂವರೆ ವರ್ಷದ ಹೊತ್ತಿಗೆ ಸಕ್ಕರೆ ಏರಿದ್ದವರ ಮಕ್ಕಳಲ್ಲೂ ಮೈಕೊಬ್ಬು ಜಾಸ್ತಿಯಿತ್ತು, ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡುತ್ತಿರಲಿಲ್ಲ.

ಬಿ12 ಜೀವಸತ್ವದ ಫಲಿತಾಂಶವನ್ನು ಮಾತ್ರ ಎಚ್ಚರದಿಂದ ಓದಬೇಕು. ನೂರಕ್ಕೆ 43 ಮಂದಿಯಲ್ಲಿ ಅದರ ಕೊರತೆಯಿತ್ತು. ಫೋಲೇಟ್ ಕೊರತೆ ಅಪರೂಪ. ಮೈಸೂರು ಸೀಮೆಯ ಊಟ ಬಲ್ಲವರಿಗೆ ಇದು ಅಚ್ಚರಿಯಲ್ಲ. ಫೋಲೇಟ್ ಸೊಪ್ಪಿನ ಸಾರಿನಲ್ಲಿ, ಕಾಳಿನಲ್ಲಿ, ಆಸ್ಪತ್ರೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಸಿಗುತ್ತದೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಕೊರತೆಯಿದ್ದವರಲ್ಲಿ ಶೇ 8.7, ಇಲ್ಲದವರಲ್ಲಿ ಶೇ 4.6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಆದರೆ ಕೊರತೆಯಿದ್ದವರ ಮೈತೂಕವೂ ಹೆಚ್ಚಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ನಂಟು ಸಡಿಲವಾಯಿತು. ಬಿ12 ಕೊರತೆಯಿಂದಲೇ ಸಕ್ಕರೆ ಬರುತ್ತದೆ ಎನ್ನಲು ಇಷ್ಟು ಸಾಲದು. ರಕ್ತದ ಒಂದು ಅಂಕಿ ರೋಗದ ಜೊತೆ ಕಂಡರೆ ಅದೇ ರೋಗದ ಕಾರಣ ಎಂದು ಸುದ್ದಿ ಮಾಡುವವರು ಇಂಥ ಕಡೆಯೇ ಎಡವುವುದು.

ವಿಟಮಿನ್ ಡಿ ಮೂರರಲ್ಲಿ ಎರಡು ಪಾಲು ಹೆಂಗಸರಲ್ಲಿ ಕಡಿಮೆಯಿತ್ತು. ಕೂಸಿನ ಗಾತ್ರದಲ್ಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಕೊರತೆಯಿದ್ದವರ ಮಕ್ಕಳು ಬೆಳೆದಾಗ ಅವರ ತೋಳಿನ ಸ್ನಾಯು ತುಸು ಸಣ್ಣದಿತ್ತು. ಫೋಲೇಟ್ ಚೆನ್ನಾಗಿದ್ದ ತಾಯಂದಿರ ಮಕ್ಕಳು ಒಂಬತ್ತು-ಹತ್ತರ ವಯಸ್ಸಿನಲ್ಲಿ ಕಲಿಕೆ, ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಮುಂದಿದ್ದರು.

ಹೀಗೆ ಬರೀ ನಂಟನ್ನಲ್ಲ, ರೋಗದ ಕಾರಣವನ್ನೇ ನೇರವಾಗಿ ತೋರುವ ರಕ್ತಪರೀಕ್ಷೆಗಳೂ ಇವೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಂಥ ಆದಿವಾಸಿ ನೆಲೆಗಳಲ್ಲಿ ಮುಖ್ಯವಾಗುವ ಸಿಕಲ್ ಸೆಲ್ ತಪಾಸಣೆ ಅಂಥದ್ದು. ಅಲ್ಲಿ ಹಿಮೋಗ್ಲೋಬಿನ್ನಿನ ದೋಷವೇ ರೋಗದ ಮೂಲ. ಆದರೆ ಎಳೆಗೂಸಿನ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ ತುಂಬಿರುವುದರಿಂದ ಮೊದಲ ಕೆಲವು ತಿಂಗಳು ಲಕ್ಷಣ ಕಾಣಿಸಿಕೊಳ್ಳುವುದು ಕಡಿಮೆ, ಸಾದಾ ಕರಗುವಿಕೆ ಪರೀಕ್ಷೆಯೂ ತಪ್ಪು ಹೇಳಬಹುದು. ಹಿಮೋಗ್ಲೋಬಿನ್ನನ್ನು ಬಗೆಬಗೆಯಾಗಿ ಬೇರ್ಪಡಿಸಿ ನೋಡುವ ಯಂತ್ರದ ಪರೀಕ್ಷೆಯೇ ಬೇಕು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ.

ಮತ್ತೆ ಬಸಿರಿನ ಸಕ್ಕರೆಯ ಮಾತಿಗೆ ಬಂದರೆ, ಸಾಲಿಗ್ರಾಮ, ಕೆ.ಆರ್. ನಗರದಂಥ ಊರುಗಳ ಬಸುರಿಯರಿಗೆ ಈಗ ಮೂರು ಗಂಟೆಯ ಪರೀಕ್ಷೆ ಬೇಕಿಲ್ಲ. ರಾಷ್ಟ್ರೀಯ ಮಾರ್ಗಸೂಚಿಯಂತೆ, ಊಟವಾಗಿರಲಿ ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಒಮ್ಮೆ ರಕ್ತ ಕೊಟ್ಟರಾಯಿತು. ಸಕ್ಕರೆ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಮತ್ತೆ ಮಾಡಿಸಬೇಕು. ಸಕ್ಕರೆ ಏರಿದ್ದ ಬಾಣಂತಿ ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಮಗುವಿನ ಚುಚ್ಚುಮದ್ದಿಗೂ ಅದೇ ಹೊತ್ತಿಗೆ ಆರೋಗ್ಯ ಕೇಂದ್ರಕ್ಕೆ ಹೋಗುವುದಿರುತ್ತದೆ. ತಾಯಿಯ ರಕ್ತವನ್ನೂ ಅವತ್ತೇ ಕೊಟ್ಟು ಬನ್ನಿ.