ಹೇಳಿಕೊಳ್ಳದ ಜಲಬಾಧೆ

ಮದುವೆಯ ಮನೆಗೆ ಕಾಲಿಟ್ಟೊಡನೆ ಬಚ್ಚಲು ಯಾವ ಕಡೆಗಿದೆಯೆಂದು ವಿಚಾರಿಸಿಕೊಳ್ಳುವ, ಬಸ್ಸಿನ ಪ್ರಯಾಣವೆಂದರೆ ಹಿಂದಿನ ಸಂಜೆಯಿಂದಲೇ ನೀರು ಬಿಡುವ, ದೇವಸ್ಥಾನದ ಸಾಲಿನಲ್ಲಿ ನಿಲ್ಲಲಂಜಿ ಹೊರಗಿನಿಂದಲೇ ಕೈಮುಗಿದು ಹಿಂದಿರುಗುವ ತಾಯಂದಿರು ನಮ್ಮ ನಡುವೆ ಬಹುಮಂದಿ ಇರುವರು. ಕಾರಣ ಕೇಳಿದರೆ "ವಯಸ್ಸಾಯಿತಲ್ಲ" ಎಂಬ ಒಂದೇ ಮಾತು. ಜಲಬಾಧೆಯೆಂಬ ಮರ್ಯಾದೆಯ ಶಬ್ದವನ್ನು ಹಿರಿಯರು ನಮಗೆ ಕೊಟ್ಟಿರುವರಾದರೂ, ಆ ಬಾಧೆಯನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ.

ಮೂತ್ರಕೋಶವು ಸ್ನಾಯುವಿನಿಂದಾದ ಒಂದು ಚೀಲ. ಸುಮಾರು 300ರಿಂದ 500 ಮಿಲಿಲೀಟರಿನಷ್ಟು ಮೂತ್ರವು ತುಂಬುವವರೆಗೂ ಸಡಿಲವಾಗಿದ್ದು, ನಾವು ಅನುಮತಿಯಿತ್ತ ಮೇಲೆ ಮಾತ್ರ ಸಂಕುಚಿಸುವುದು ಅದರ ಸಹಜಧರ್ಮ. ಅರ್ಧವೂ ತುಂಬದಿರುವಾಗಲೇ ಆ ಸ್ನಾಯು ತಾನಾಗಿ ಬಿಗಿದುಕೊಂಡು, ತಡೆಯಲಾರದ ಅವಸರವನ್ನುಂಟುಮಾಡುವ ಸ್ಥಿತಿಗೆ ಅತಿಚಟುವಟಿಕೆಯ ಮೂತ್ರಕೋಶವೆಂದು ಹೆಸರು. ಹಗಲಿನಲ್ಲಿ ಎಂಟಕ್ಕೂ ಹೆಚ್ಚು ಸಲ ಹೋಗಬೇಕಾಗುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಬಚ್ಚಲನ್ನು ಮುಟ್ಟುವ ಮೊದಲೇ ಸೀರೆ ಒದ್ದೆಯಾಗುವುದು ಇದರ ಲಕ್ಷಣಗಳು. ಕೆಮ್ಮಿದಾಗ, ಸೀನಿದಾಗ ಹನಿಯುವುದು ಬೇರೆಯೇ ತೊಂದರೆ. ಎರಡೂ ಒಬ್ಬರಲ್ಲಿಯೇ ಇರುವುದುಂಟು.

ಭಾರತೀಯ ಸ್ತ್ರೀಯರಲ್ಲಿ ಸಾಮಾನ್ಯವಾಗಿ 46-47ರ ಸುಮಾರಿಗೆ ಮುಟ್ಟು ನಿಲ್ಲುವುದು. ಆಗ ಈಸ್ಟ್ರೋಜನ್ ಎಂಬ ಸ್ರಾವವು ಕ್ಷೀಣಿಸಿ, ಅದರ ಪೋಷಣೆಯಲ್ಲಿದ್ದ ಯೋನಿ ಮತ್ತು ಮೂತ್ರನಾಳದ ಒಳಪೊರೆ ತೆಳುವಾಗಿ, ಒಣಗಿ, ಉರಿಗೂ ಸೋಂಕಿಗೂ ಸುಲಭವಾಗಿ ಎಡೆಗೊಡುವುದು. ಸೋಂಕು, ಮಧುಮೇಹ, ಕಲ್ಲು, ಗರ್ಭಕೋಶದ ಜಾರುವಿಕೆ, ರಕ್ತದೊತ್ತಡಕ್ಕೆಂದು ನುಂಗುವ ಮೂತ್ರವರ್ಧಕ ಮಾತ್ರೆ ಇವೂ ಇಂಥದೇ ಅವಸರವನ್ನು ತರಬಲ್ಲವಾದ್ದರಿಂದ ಮೊದಲು ಮೂತ್ರಪರೀಕ್ಷೆಯಾಗಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ ಒಂದು ದಿನವೂ ತಡಮಾಡಲಾಗದು.

ಚಿಕಿತ್ಸೆಯು ಮಾತ್ರೆಯಿಂದ ಆರಂಭವಾಗತಕ್ಕದ್ದಲ್ಲ. ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಲ್ಲಿ ಸೋರಿತು ಎಂಬುದನ್ನು ಮೂರು ದಿನ ಬರೆದಿಟ್ಟರೆ ಮೂತ್ರಕೋಶದ ನಡತೆ ಕಣ್ಣಿಗೆ ಕಟ್ಟುವುದು. ಗಂಟೆಗೊಮ್ಮೆ ಹೋಗುವವರು ಅವಸರ ಬಂದಾಗ ಓಡದೆ, ಕುಳಿತು, ಮೂತ್ರವನ್ನು ತಡೆಹಿಡಿಯುವ ಕೆಳಗಿನ ಸ್ನಾಯುಗಳನ್ನು ನಾಲ್ಕಾರು ಸಲ ಬಿಗಿಹಿಡಿದು ಬಿಟ್ಟರೆ ಆ ಒತ್ತಡವು ಏರಿದಂತೆಯೇ ಇಳಿಯುವುದು. ಹೀಗೆ ಕಾಲು ಕಾಲು ಗಂಟೆಯಾಗಿ ಅಂತರವನ್ನು ಹಿಗ್ಗಿಸುತ್ತ, ಕನಿಷ್ಠ ಆರು ವಾರಗಳ ಸಾಧನೆಯಿಂದ ಮೂರು ಗಂಟೆಗೆ ತರಲು ಯತ್ನಿಸಬೇಕು. ಆ ಸ್ನಾಯುಗಳ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದನು. ಅದು ಫಲಿಸಲು ಮೂರು ತಿಂಗಳಾದರೂ ಬೇಕು. ಕಾಫಿಯನ್ನು ಕಡಿಮೆಮಾಡುವುದು ನಮ್ಮವರಿಗೆ ಕಠಿನವೇ ಸರಿ, ಆದರೂ ಪ್ರಯೋಜನವುಂಟು. ನೀರನ್ನು ಮಾತ್ರ ತೀರ ಕಡಿಮೆಮಾಡಕೂಡದು. ಗಾಢವಾದ ಮೂತ್ರವು ಕೋಶವನ್ನು ಕೆರಳಿಸುವುದಲ್ಲದೆ ಮಲಬದ್ಧತೆಯೂ ಸೇರಿ ಬಾಧೆ ಇಮ್ಮಡಿಸುವುದು.

ಇದರಿಂದ ಸಾಲದಾದರೆ ಔಷಧಗಳಿವೆ. ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಒಣಗಿದ ಪೊರೆಯನ್ನು ಚೇತರಿಸಿ ಅವಸರವನ್ನೂ ತಗ್ಗಿಸಬಲ್ಲುದು. ಬಾಯಿಂದ ನುಂಗುವ ಈಸ್ಟ್ರೋಜನ್ನಿಗೆ ಈ ಗುಣವಿಲ್ಲ, ಸೋರಿಕೆಯನ್ನು ಅದು ಹೆಚ್ಚಿಸಲೂಬಹುದು. ಸ್ತನದ ಅರ್ಬುದವಾಗಿದ್ದವರು ಮುಲಾಮಿಗೂ ಮುನ್ನ ವೈದ್ಯರೊಡನೆ ಸಮಾಲೋಚಿಸಬೇಕು. ಸಾಲಿಫೆನಾಸಿನ್, ಟಾಲ್ಟೆರೊಡಿನ್ ಮೊದಲಾದ ಮಾತ್ರೆಗಳು ಸ್ನಾಯುವನ್ನು ಶಾಂತಗೊಳಿಸುವುವಾದರೂ ಬಾಯಿಯನ್ನು ಒಣಗಿಸುವುವು. ಈ ವರ್ಗದ ಮಾತ್ರೆಗಳಿಂದ ವೃದ್ಧರ ನೆನಪು ಮಸುಕಾಗುವ ಭಯವೂ ಉಂಟು. ಮಿರಾಬೆಗ್ರಾನಿನಲ್ಲಿ ಆ ಭಯ ಕಡಿಮೆ, ಆದರೆ ರಕ್ತದೊತ್ತಡವನ್ನು ನೋಡಿಕೊಳ್ಳಬೇಕು. ಇವೂ ಸೋತಲ್ಲಿ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುವುದುಂಟು, ಪಾದದ ಗಂಟಿನ ಬಳಿಯ ನರಕ್ಕೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಮೃದುವಾದ ವಿದ್ಯುತ್ತನ್ನು ಹರಿಸುವುದೂ ಉಂಟು.

ತಾಯಂದಿರಲ್ಲಿ ನನ್ನದೊಂದು ವಿನಂತಿ: ರಕ್ತದೊತ್ತಡಕ್ಕೋ ಮಂಡಿನೋವಿಗೋ ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮೂರು ದಿನ ಬರೆದಿಟ್ಟ ಆ ಹಾಳೆಯನ್ನು ಜೊತೆಗೆ ಕೊಂಡೊಯ್ಯಿರಿ; ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಅದನ್ನೇ ಅವರ ಮೇಜಿನ ಮೇಲಿಡಿರಿ.