ಹಳೆ ಮುಖದ ಹೊಸ ಕ್ಯಾಮೆರಾ: ಅನಮೋಡದ ಮಳೆಯಲ್ಲಿ ನಿಕಾನ್ ಝಡ್‌ಎಫ್ ಜೊತೆ ಎರಡು ದಿನ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಮಾತು ಒಂದು ಕ್ಯಾಮೆರಾ ಬಗ್ಗೆ. ಅದನ್ನ ಸಾಲ ಮಾಡಿ ತಗೋಬೇಕಾ, ಬೇಡವಾ ಅನ್ನೋದರ ಬಗ್ಗೆ.

ಹಳಿಯಾಳದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಮದುವೆ, ಸೀಮಂತ, ಶಾಲೆ ಗ್ಯಾದರಿಂಗ್ ಅಂತ ಹಳಿಯಾಳ, ದಾಂಡೇಲಿ, ಮುಂಡಗೋಡ ಸುತ್ತ ಫೋಟೊ ತೆಗೆದು ಸಂಸಾರ ನಡೆಸ್ತಾನೆ. ಅವನ ಡಿಎಸ್‌ಎಲ್‌ಆರ್‌ಗೆ ವಯಸ್ಸಾಯ್ತು. ಲಗ್ನದ ಸೀಜನ್ ಶುರುವಾಗೋದರೊಳಗೆ ಹೊಸದು ಬೇಕು. ಅವನ ಕಣ್ಣು ಬಿದ್ದದ್ದು ನಿಕಾನ್ ಝಡ್‌ಎಫ್ ಮೇಲೆ. "ಅಪ್ಪನ ಕ್ಯಾಮೆರಾ ಇದ್ದಂಗ ಐತಿ ನೋಡೊ. ಕಂತಿನ ಮ್ಯಾಲ ತಗೊಂತೀನಿ. ಏನಂತಿ?" ಅಂದ.

ಅಪ್ಪನ ಕ್ಯಾಮೆರಾ ಅಂದರೆ 1982ರಲ್ಲಿ ಬಂದ ನಿಕಾನ್ ಎಫ್‌ಎಂ2. ಅವರೂ ಸ್ಟುಡಿಯೋ ಇಟ್ಟವರೇ. ಝಡ್‌ಎಫ್‌ನ ಮುಖ ಎಫ್‌ಎಂ2ರ ಅಚ್ಚಿನದು. ಇದು 2023ರ ಸೆಪ್ಟೆಂಬರಿನಲ್ಲಿ ಬಂತು. ಭಾರತದಲ್ಲಿ ಬರೀ ಬಾಡಿಗೇ ಒಂದೂಮುಕ್ಕಾಲು ಲಕ್ಷದ ಆಸುಪಾಸು ಬೆಲೆ ಇಟ್ಟರು. ಅಷ್ಟು ದುಡ್ಡು ಹಾಕೋ ಮೊದಲು ಎರಡು ದಿನ ಕೈಯಲ್ಲಿ ಹಿಡಿದು ನೋಡೋಣ ಅಂತ ಪರಿಚಿತರೊಬ್ಬರ ಹತ್ತಿರ ಕೇಳಿ ತಂದು, ರಾಮನಗರ ದಾಟಿ ಅನಮೋಡಕ್ಕೆ ಹೋದ್ವಿ.

ಅನಮೋಡವೇ ಯಾಕೆ? ಜೋಯಿಡಾ ತಾಲ್ಲೂಕಿನ ಈ ಊರು ಬೆಳಗಾವಿಯಿಂದ ಗೋವಾಕ್ಕೆ ಹೋಗೋ ಹೆದ್ದಾರಿಯಲ್ಲಿ ಘಟ್ಟ ಇಳಿಯೋ ಮುನ್ನ ಸಿಗುತ್ತೆ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಜುಲೈ ತಿಂಗಳಲ್ಲಿ ಅಲ್ಲಿ ಮಳೆ, ಮಂಜು, ಮಧ್ಯಾಹ್ನಕ್ಕೇ ಮಬ್ಬು. ಕ್ಯಾಮೆರಾದ ಸತ್ವ ಗೊತ್ತಾಗಬೇಕಾದರೆ ಇಂಥ ಜಾಗವೇ ಬೇಕು.

ಮೊದಲು ಗುಣಗಳನ್ನ ಹೇಳ್ತೀನಿ.

ಇದರ ತಲೆ ಮೇಲೆ ಹಿತ್ತಾಳೆಯ ಮೂರು ಡಯಲ್ ಇವೆ. ಒಂದು ಐಎಸ್‌ಒಗೆ, ಒಂದು ಶಟರ್ ವೇಗಕ್ಕೆ, ಇನ್ನೊಂದು ಬೆಳಕನ್ನ ಸ್ವಲ್ಪ ಹೆಚ್ಚು ಕಡಿಮೆ ಮಾಡೋಕೆ. ಪಕ್ಕದಲ್ಲೊಂದು ಪುಟ್ಟ ಕಿಟಕಿ, ಅದರಲ್ಲಿ ಅಪರ್ಚರ್ ಸಂಖ್ಯೆ ಕಾಣುತ್ತೆ. ಕ್ಯಾಮೆರಾ ಆಫ್ ಇದ್ದರೂ ಮೇಲಿಂದ ಒಂದು ಸಲ ನೋಡಿದರೆ ಶಟರ್, ಐಎಸ್‌ಒ ಎಲ್ಲಿಟ್ಟಿದ್ದೀವಿ ಅಂತ ಗೊತ್ತಾಗಿಬಿಡುತ್ತೆ. ಮೆನು ತೆಗೆಯೋ ಕೆಲಸ ಇಲ್ಲ. ಛತ್ರಿ ಕೆಳಗೆ ನಿಂತು ಸಂಜೆಯ ಕಾಡಿಗೆ ಅಂತ ಅಪರ್ಚರ್ ಎಫ್ 2, ಶಟರ್ 1/125, ಐಎಸ್‌ಒ 6400 ಇಟ್ಟೆ. ಮೂರನ್ನೂ ಇಟ್ಟದ್ದು ನಾನೇ, ಚಿತ್ರ ಹೇಗೆ ಬರುತ್ತೆ ಅನ್ನೋ ಯೋಚನೆ ಕ್ಯಾಮೆರಾ ಎತ್ತೋ ಮುಂಚೆಯೇ ಮುಗಿದಿರುತ್ತೆ. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಒಳಗಿನ ಯಂತ್ರ ಮಾತ್ರ ಹಳೇದಲ್ಲ. 24.5 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್, ಎಕ್ಸ್‌ಪೀಡ್ 7 ಪ್ರೊಸೆಸರ್. ನಮ್ಮ ಕಣ್ಣಿಗೇ ಸರಿಯಾಗಿ ಕಾಣದ ಮಬ್ಬಿನಲ್ಲೂ ಫೋಕಸ್ ಹಿಡಿಯುತ್ತೆ. ಕೈ ನಡುಕವನ್ನ 8 ಸ್ಟಾಪ್‌ವರೆಗೆ ತಡೆಯುತ್ತೆ ಅಂತ ಕಂಪನಿಯ ಲೆಕ್ಕ. ಆದರೆ ಅದು ತಡೆಯೋದು ನಮ್ಮ ಕೈಯ ನಡುಕವನ್ನ, ಎದುರಿನವರ ಓಡಾಟವನ್ನಲ್ಲ. ತೊರೆಯ ನೀರಿಗೆ ನಿಧಾನ ಶಟರ್ ನಡೆಯುತ್ತೆ, ಅಕ್ಷತೆ ಎಸೆಯೋ ಕೈಗೆ ನಡೆಯಲ್ಲ.

ಶಟರ್ ಡಯಲ್ ಕೆಳಗಿನ ಸಣ್ಣ ಕಡ್ಡಿ ತಿರುಗಿಸಿದರೆ ಇಡೀ ನೋಟ ಕಪ್ಪು-ಬಿಳುಪು ಆಗುತ್ತೆ. ರಾ ಫೈಲ್ ಇಟ್ಟುಕೊಂಡಿದ್ದರೆ ಬಣ್ಣ ಎಲ್ಲೂ ಹೋಗಿರಲ್ಲ, ಆಮೇಲೆ ವಾಪಸ್ ತರಬಹುದು. ಅನಮೋಡದಲ್ಲಿ ಚಹಾ ಅಂಗಡಿಯ ಅಜ್ಜಿಯನ್ನ ಒಲೆಯ ಬೆಳಕಿನಲ್ಲಿ ಹಾಗೇ ತೆಗೆದೆ. ದೊಡ್ಡ ಕ್ಯಾಮೆರಾ ಕಂಡರೆ ಮುಖ ತಿರುಗಿಸೋರು ಇದನ್ನ ಕಂಡು "ರೀಲ್ ಹಾಕೋದೇನ್ರಿ?" ಅಂತ ನಕ್ಕರು. ಫೋಟೊ ತೆಗೆಸಿಕೊಳ್ಳೋರ ಹೆದರಿಕೆ ಕಡಿಮೆ ಆಗೋದೂ ಒಂದು ಗುಣವೇ.

ಇನ್ನು ದೋಷ.

ಮೊದಲನೇದು ಹಿಡಿತ. ಬ್ಯಾಟರಿ, ಕಾರ್ಡ್ ಸೇರಿ 710 ಗ್ರಾಂ ತೂಕ. ಎಫ್‌ಎಂ2 ಬಾಡಿ 540 ಗ್ರಾಂ ಇತ್ತು. ಮುಂಭಾಗ ಮಾತ್ರ ಆಗಿನ ಹಾಗೇ ಚಪ್ಪಟೆ, ಬೆರಳಿಗೆ ಆಸರೆ ಇಲ್ಲದಂತೆಯೇ. ಸಣ್ಣ ಲೆನ್ಸ್ ಇದ್ದರೆ ಪರವಾಗಿಲ್ಲ. ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿ ತೆಗೀತೀನಿ ಅಂತ 2 ಕೆ.ಜಿ. ತೂಗೋ 180-600 ಹಾಕಿದರೆ ಒದ್ದೆ ಕೈಗೆ ಅದು ಸುಖದ ಕೆಲಸ ಅಲ್ಲ. ಹಿಡಿಕೆ ಬೇರೆ ಕೊಂಡು ಹಾಕಬೇಕು.

ಎರಡನೇದು ಕಾರ್ಡ್. ಎರಡು ಜಾಗ ಇವೆ, ನಿಜ. ಆದರೆ ಒಂದು ಎಸ್‌ಡಿ, ಇನ್ನೊಂದು ಫೋನಿಗೆ ಹಾಕೋ ಥರದ ಮೈಕ್ರೋ ಎಸ್‌ಡಿ. ಎರಡೂ ಬ್ಯಾಟರಿ ಮುಚ್ಚಳದ ಒಳಗೆ. ಮದುವೆಯವರು ಒಂದೇ ಫೋಟೊವನ್ನ ಎರಡೂ ಕಾರ್ಡಿಗೆ ಬರೆಸ್ತಾರೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಹಾಗೆ ಬರೆಸಿದಾಗ ನಿಧಾನದ ಕಾರ್ಡಿಗೆ ಕಾಯಬೇಕಾಗುತ್ತೆ. ಟ್ರೈಪಾಡ್ ಮೇಲಿದ್ದರೆ ಮುಚ್ಚಳ ತೆಗೆಯೋದೂ ತಾಪತ್ರಯ.

ಮೂರನೇದು ಡಯಲ್ಲೇ. ಗುಣ ಅಂದದ್ದೇ ಇಲ್ಲಿ ದೋಷ ಆಗುತ್ತೆ. ಬೇರೆ ಕ್ಯಾಮೆರಾಗಳಲ್ಲಿ ನಮ್ಮ ಸೆಟ್ಟಿಂಗ್ ಉಳಿಸಿಕೊಳ್ಳೋ ಯು1, ಯು2 ಅನ್ನೋ ಮನೆಗಳು ಇರ್ತವೆ. ಮಂಟಪಕ್ಕೊಂದು, ಊಟದ ಪಂಕ್ತಿಗೊಂದು ಅಂತ ಇಟ್ಟುಕೊಂಡು, ಒಂದು ತಿರುವಿಗೆ ಎಲ್ಲ ಬದಲಿಸಬಹುದು. ಝಡ್‌ಎಫ್‌ನಲ್ಲಿ ಅದಿಲ್ಲ. ಮೊದಲ ಸಂಜೆ ತೊರೆಯ ನೀರಿಗೆ ಅಂತ ಶಟರ್ 1/30 ಇಟ್ಟವನು ಹಾಗೇ ಮಲಗಿದೆ. ಬೆಳಿಗ್ಗೆ ಗೌಳಿಗರ ಎಮ್ಮೆ ಹಿಂಡು ಮಂಜಿನೊಳಗಿಂದ ರಸ್ತೆ ದಾಟಿತು. ಇಪ್ಪತ್ತು ಫೋಟೊ ತೆಗೆದೆ, ಒಂದೂ ಸ್ಪಷ್ಟ ಇಲ್ಲ. ತಪ್ಪು ನನ್ನದೇ, ಡಯಲ್ ನೋಡಲಿಲ್ಲ. ಎಮ್ಮೆ ನಾಳೆ ಮತ್ತೆ ಬರುತ್ತೆ. ಮಾಂಗಲ್ಯಧಾರಣೆ ಎರಡನೇ ಸಲ ನಡೆಯಲ್ಲ. ಗೆಳೆಯ ಆಗ ಏನೂ ಅನ್ನಲಿಲ್ಲ, ಸುಮ್ಮನೆ ಪರದೆ ನೋಡ್ತಾ ನಿಂತ.

ಇನ್ನೊಂದು ಗೊಂದಲವನ್ನೂ ಹೇಳಿಬಿಡ್ತೀನಿ. ಎ ಮೋಡ್‌ನಲ್ಲಿ, ಅಂದರೆ ಅಪರ್ಚರ್ ನಾವಿಟ್ಟು ಶಟರ್ ಕ್ಯಾಮೆರಾಗೆ ಬಿಟ್ಟಾಗ, ಶಟರ್ ಡಯಲ್‌ಗೆ ಕೆಲಸವೇ ಇಲ್ಲ. ಅದು 1/125 ತೋರಿಸ್ತಾ ಕೂತಿರುತ್ತೆ, ಒಳಗೆ ನಡೆಯೋದು ಬೇರೆ. ನಿಜವಾದ ಸಂಖ್ಯೆಯನ್ನ ವ್ಯೂಫೈಂಡರ್‌ನಲ್ಲೇ ನೋಡಬೇಕು.

ಮಳೆಯ ಬಗ್ಗೆ ಒಂದು ಎಚ್ಚರಿಕೆ. ಬಾಡಿಗೆ ಧೂಳು, ಹನಿ ತಡೆಯೋ ರಚನೆ ಇದೆ. ಹನಿ ತಡೆಯೋದು ಬೇರೆ, ವಾಟರ್‌ಪ್ರೂಫ್ ಬೇರೆ. ಲೆನ್ಸ್ ಕೂರೋ ಕಡೆ ರಬ್ಬರ್ ಉಂಗುರ ಇಲ್ಲದಿದ್ದರೆ ನೀರಿಗೆ ಅದೇ ದಾರಿ. ಘಟ್ಟದ ಮಳೆಯಲ್ಲಿ ಕವರ್ ಹಾಕಿ, ರಾತ್ರಿ ಸಿಲಿಕಾ ಜೆಲ್ ಇರೋ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ.

ಹಾಗಾದರೆ ಕೊಳ್ಳಬೇಕಾ? 2025ರ ಏಪ್ರಿಲ್‌ನಲ್ಲಿ ಇದೇ ಕಂಪನಿಯ ಝಡ್5-2 ಬಂತು. ಮೆಗಾಪಿಕ್ಸೆಲ್ ಅಷ್ಟೇ, ಪ್ರೊಸೆಸರ್ ಅದೇ. ಕೈತುಂಬ ಹಿಡಿತ, ಎರಡು ಪೂರ್ಣ ಎಸ್‌ಡಿ ಕಾರ್ಡ್, ಯು1, ಯು2, ಯು3 ಎಲ್ಲಾ ಇವೆ. ಬೆಲೆಯೂ ಕಡಿಮೆ. ಆಲ್ಬಮ್‌ನಲ್ಲಿ ಎರಡರ ಫೋಟೊ ಅಕ್ಕಪಕ್ಕ ಇಟ್ಟರೆ ಗಿರಾಕಿಗೆ ವ್ಯತ್ಯಾಸ ಕಾಣಲ್ಲ. ಅಂದರೆ ಝಡ್‌ಎಫ್‌ಗೆ ಕೊಡೋ ಹೆಚ್ಚಿನ ದುಡ್ಡು ಫೋಟೊಗಲ್ಲ, ತೆಗೆಯೋ ಖುಷಿಗೆ. ಆ ಖುಷಿ ಸುಳ್ಳಲ್ಲ. ನೌಕರಿ ಇದ್ದು, ರವಿವಾರ ಊರು, ಸಂತೆ, ಮನೆಮಂದಿ ಫೋಟೊ ತೆಗೆಯೋರು ಧಾರಾಳವಾಗಿ ತಗೊಳ್ಳಿ, ಕಪಾಟಿನಲ್ಲಿ ಉಳಿಯೋ ವಸ್ತು ಅಲ್ಲ. ಆದರೆ ಕಂತು ಕಟ್ಟಬೇಕಾದ್ದು ಫೋಟೊದಿಂದಲೇ ಆದರೆ, ಕೆಲಸಕ್ಕೆ ಒದಗೋದನ್ನ ಮೊದಲು ತಗೊಳ್ಳಿ.

ವಾಪಸ್ ಬರುವಾಗ ರಾಮನಗರದಲ್ಲಿ ಚಹಾ ಕುಡೀತಾ ಗೆಳೆಯ ಅಂದ: "ನನಗ ಬೇಕಾಗಿದ್ದು ಕ್ಯಾಮೆರಾ ಅಲ್ಲೋ, ಅಪ್ಪನ ನೆನಪು ಅನಸ್ತದ." ಅಪ್ಪನ ಎಫ್‌ಎಂ2 ಇನ್ನೂ ಮನೆಯಲ್ಲಿದೆ. ಅದರ ಶಟರ್‌ಗೆ ಬ್ಯಾಟರಿಯೇ ಬೇಡ, ಬ್ಯಾಟರಿ ಬೇಕಾಗೋದು ಬೆಳಕು ಅಳೆಯೋಕೆ ಮಾತ್ರ. ಒಂದು ರೋಲ್ ತರಿಸಿ ಕೊಡ್ತೀನಿ ಅಂದಿದ್ದೇನೆ. ಲಗ್ನದ ಕೆಲಸಕ್ಕೆ ಝಡ್5-2 ನೋಡ್ತಿದ್ದಾನೆ.

ನೀವೂ ಕೊಳ್ಳೋ ಯೋಚನೆಯಲ್ಲಿದ್ದರೆ ಎರಡು ದಿನ ಯಾರದ್ದಾದರೂ ಕೇಳಿ ತಂದು ಬಳಸಿ, ಆಮೇಲೆ ಸಹಿ ಹಾಕಿ.