ಕಿವಿಯಿಂದ ನಾಲಿಗೆಗೆ: ಭಾಷಾಕಲಿಕೆಯೂ ಸಭಾಪಾಲಕನ ಶಿಷ್ಯತ್ವವೂ

ದೈವಶಾಸ್ತ್ರದ ವ್ಯಾಸಂಗವನ್ನು ಮುಗಿಸಿ ಮಂಗಳೂರು, ಮೈಸೂರುಗಳ ಕಡೆಯಿಂದ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಸೇವೆಗಾಗಿ ಬರುವ ಯುವ ಸಭಾಪಾಲಕರಿಗೆ ತಮಗೆ ಕನ್ನಡ ಬಲ್ಲದೆಂಬ ಭರವಸೆ ಇರುತ್ತದೆ. ಆ ಭರವಸೆ ಮೊದಲ ವಾರದಲ್ಲಿಯೇ ಅಲುಗುತ್ತದೆ. ಇಲ್ಲಿ ಮರವನ್ನೂ ಗಿಡವೆನ್ನುತ್ತಾರೆ. ‘ಮಾಡುತ್ತಿದ್ದೇನೆ’ ಎಂಬುದು ‘ಮಾಡಾಕತ್ತೇನಿ’ ಎಂದಾಗುತ್ತದೆ. ಮಾತಿನ ತುದಿಗೆ ‘ರಿ’ ಸೇರದಿದ್ದರೆ ಹಿರಿಯರಿಗೆ ಗೌರವ ಸಂದಂತಾಗುವುದಿಲ್ಲ. ಊರಿನಿಂದ ತಾಂಡಾಕ್ಕೆ ಹೋದರೆ ಮನೆಮಾತು ಲಂಬಾಣಿ. ಪೇಟೆಯಲ್ಲಿ ಉರ್ದು ಕೇಳಿಬರುತ್ತದೆ.

ಇದನ್ನು ಸಣ್ಣ ಅನನುಕೂಲವೆಂದು ತಳ್ಳಿಹಾಕಲಾಗದು. ಪ್ರಸಂಗವು ಅರ್ಧ ಮಾತ್ರ ತಲುಪಿದರೆ ಮುಂದಿನ ಭಾನುವಾರ ತಿದ್ದಿಕೊಳ್ಳಬಹುದು. ಆದರೆ ಹಾಸಿಗೆ ಹಿಡಿದ ತಾಯಿಯೊಬ್ಬಳು ತನ್ನ ಸಂಕಟವನ್ನು ತನ್ನ ಮಾತಿನಲ್ಲಿ ಹೇಳುತ್ತಿರುವಾಗ, ಅರ್ಥವಾಗದೆಯೂ ತಲೆದೂಗಿ ಪ್ರಾರ್ಥಿಸಿ ಬರುವ ಪಾಲಕನು ಆಕೆಯನ್ನು ಸಂತೈಸಲಿಲ್ಲ; ಒಂಟಿಯಾಗಿಯೇ ಬಿಟ್ಟುಬಂದನು. ಹೀಗಿರಲಾಗಿ, ಜನರ ಮಾತನ್ನು ಚೆನ್ನಾಗಿ ಕಲಿಯುವವರಲ್ಲಿ ಯಾವ ಗುಣಗಳೂ ಅಭ್ಯಾಸಗಳೂ ಇರುತ್ತವೆ ಎಂಬುದನ್ನು ವಿಚಾರಿಸುವುದು ಯುಕ್ತ. ಜ್ಞಾಪಕಶಕ್ತಿ, ಎಳೆಯ ವಯಸ್ಸು ಇವು ಸಹಾಯಕವೇ ಸರಿ. ಆದರೆ ಅವೆಲ್ಲಕ್ಕೂ ಮೂಲವಾದದ್ದು ಇನ್ನೊಂದಿದೆ: ಕಲಿಸಲು ಬಂದವನು ತಾನೇ ಕಲಿಯುವವನಾಗಲು ಒಪ್ಪುವುದು.

ಮೊದಲು ಕಿವಿ

ಯೆಶಾಯನ ಗ್ರಂಥದಲ್ಲಿ ಕರ್ತನ ಸೇವಕನು ಬಳಲಿದವರನ್ನು ಮಾತಿನಿಂದ ಬಲಪಡಿಸಬಲ್ಲ ನಾಲಿಗೆಯನ್ನು ಪಡೆದವನು (50:4). ಆ ನಾಲಿಗೆ ಅವನಿಗೆ ಹೇಗೆ ದೊರೆಯಿತು? ಅದೇ ವಚನವು ಉತ್ತರಿಸುತ್ತದೆ: ದೇವರು ಪ್ರತಿ ಮುಂಜಾನೆ ಅವನ ಕಿವಿಯನ್ನು ಎಚ್ಚರಗೊಳಿಸುತ್ತಾನೆ. ನಾಲಿಗೆಯ ವರವು ಕಿವಿಯ ಮಾರ್ಗವಾಗಿ ಬರುತ್ತದೆ, ಅದೂ ದಿನದಿನವೂ. ಬಾಲಕನಾದ ಯೇಸುವೂ ದೇವಾಲಯದಲ್ಲಿ ಬೋಧಕರ ನಡುವೆ ಕೇಳುತ್ತಾ ಪ್ರಶ್ನಿಸುತ್ತಾ ಕುಳಿತಿದ್ದನೆಂದು ಲೂಕನು ಬರೆಯುತ್ತಾನೆ (2:46).

ಆದುದರಿಂದ ಹೊಸ ಪಾಲಕನು ಮೊದಲ ತಿಂಗಳುಗಳಲ್ಲಿ ಆಡುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ಸಂತೆ, ಹಿಟ್ಟಿನ ಗಿರಣಿ, ಗುಡಿಯ ಕಟ್ಟೆ, ಬಸ್ಸಿಗಾಗಿ ಕಾಯುವ ನೆರಳು ಇವೇ ಅವನ ತರಗತಿಗಳು. ಅಲ್ಲಿ ಜನರು ಅವನಿಗಾಗಿ ಮಾತನ್ನು ಸರಳಗೊಳಿಸುವುದಿಲ್ಲ. ಆದ್ದರಿಂದಲೇ ಆ ಮಾತು ಕಲಿಯಲು ತಕ್ಕದ್ದು.

ತಪ್ಪಿಗೆ ಅಂಜದ ದೀನತೆ

ಬಲ್ಲವನೆನಿಸಿಕೊಂಡವನಿಗೆ ಹೊಸ ಮಾತಿನಲ್ಲಿ ತೊದಲುವುದು ಕಷ್ಟ. ತಪ್ಪಾದೀತೆಂದು ಬಾಯಿ ತೆರೆಯದವನನ್ನು ಯಾರೂ ತಿದ್ದಲಾರರು, ತಿದ್ದಿಸಿಕೊಳ್ಳದವನು ಕಲಿಯಲಾರನು. ಮಕ್ಕಳು ನಕ್ಕರೆ ತಾನೂ ನಕ್ಕು, ಸರಿಯಾದುದನ್ನು ಅವರಿಂದಲೇ ಹೇಳಿಸಿಕೊಂಡು, ಅಂದೇ ಮತ್ತೊಮ್ಮೆ ಬಳಸುವವನು ಬೇಗನೆ ಮುಂದುವರಿಯುತ್ತಾನೆ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡನೆಂದು ನಾವು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಆಧಾರದಿಂದ ಬೋಧಿಸುತ್ತೇವೆ. ಲೋಗೊಸ್ ಆದಾತನು ಮನುಷ್ಯಾವತಾರದಲ್ಲಿ ಶಿಶುವಾಗಿ, ನಜರೇತಿನ ಮನೆಯೊಂದರಲ್ಲಿ ಮಾತು ಕಲಿತನು. ಇದನ್ನು ನಂಬುವವರಿಗೆ ತೊದಲುವುದು ಅವಮಾನವಾಗಬೇಕಿಲ್ಲ.

ಕೇಳಿ ತಿಳಿಯುವ ಅಭ್ಯಾಸ

ಬಿತ್ತುವವನ ಸಾಮ್ಯವನ್ನು (ಮಾರ್ಕ 4) ಉದಾಹರಣೆಗಾಗಿ ತೆಗೆದುಕೊಳ್ಳೋಣ. ಈ ಸೀಮೆಯ ರೈತನಿಗೆ ಬಿತ್ತನೆಯೆಂದರೆ ಕೂರಿಗೆ. ಮೇಲಿನ ಬಟ್ಟಲಿಗೆ ಕಾಳು ಬಿಟ್ಟರೆ ಅದು ಟೊಳ್ಳು ಕೊಳವೆಗಳ ಮೂಲಕ ನೇರವಾಗಿ ಮಣ್ಣಿನ ಸಾಲಿಗೆ ಇಳಿಯುತ್ತದೆ. ಜೋಳವನ್ನು ಹೀಗೆ ಬಿತ್ತುವವನಿಗೆ, ಬೀಜವು ದಾರಿಯ ಮೇಲೂ ಮುಳ್ಳುಗಳಲ್ಲಿಯೂ ಬಿದ್ದಿತೆಂಬುದು ಬಿತ್ತುವವನ ಅಜಾಗರೂಕತೆಯಾಗಿ ತೋರೀತು. ಸಾಮ್ಯದ ಬಿತ್ತುವವನು ಕೈಯಿಂದ ಎರಚುತ್ತಿದ್ದನೆಂದು ಪಾಲಕನು ವಿವರಿಸಬೇಕಾಗುತ್ತದೆ. ವಿವರಿಸಬೇಕೆಂಬುದು ತಿಳಿಯಬೇಕಾದರೆ ಮೊದಲು ಹೊಲದ ಬದುವಿನಲ್ಲಿ ನಿಂತು, “ಇದಕ್ಕೇನಂತಾರ್ರಿ?” ಎಂದು ಕೇಳಿರಬೇಕು. ಹಾಗೆ ಕೇಳಿದವನಿಗೆ ಎರಿ ಹೊಲ, ಮಸಾರಿ ಹೊಲ ಎಂಬ ಮಾತುಗಳೂ ದೊರೆಯುತ್ತವೆ. ಕರಿಮಣ್ಣಿಗೂ ಕೆಂಪುಮಣ್ಣಿಗೂ ಇರುವ ಭೇದವನ್ನು ಬದುಕಿನಲ್ಲಿ ಕಂಡ ಜನರಿಗೆ ನಾಲ್ಕು ಬಗೆಯ ನೆಲದ ಮಾತು ಒಡನೆ ಹಿಡಿಸುತ್ತದೆ. ಇಲ್ಲಿ ಒಂದು ಪದವನ್ನು ಕಲಿಯುವುದು ವ್ಯಾಖ್ಯಾನಕ್ಕೆ ಒಂದು ಬಾಗಿಲನ್ನು ತೆರೆದಂತೆ.

ನಿತ್ಯಾಭ್ಯಾಸ ಮತ್ತು ದಾಖಲೆ

ನಮ್ಮ ಸಭೆಗಳ ಚರಿತ್ರೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ಅನುಸರಿಸಿ ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬುದು ಅವರ ಹಂಬಲವಾಗಿತ್ತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ, ಅಂದರೆ ಅವರು ಬಂದ 41 ವರ್ಷಗಳ ಬಳಿಕ. ಕನ್ನಡ ವ್ಯಾಕರಣವು ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಆ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳೊಂದಿಗೆ ಗಾದೆಗಳೂ ಆಡುಮಾತುಗಳೂ ಇವೆ. ಆಗ ದಕ್ಷಿಣ ಮರಾಠಾ ಸೀಮೆಯೆನಿಸಿಕೊಂಡಿದ್ದ ಈ ಭಾಗದ ಮಾತುಗಳನ್ನು ಅವರು ಬೇರೆಯಾಗಿ ಗುರುತಿಸಿ ಕೊಟ್ಟಿದ್ದಾರೆ. ಪಂಡಿತರ ಗ್ರಂಥವನ್ನೂ ಬೀದಿಯ ಮಾತನ್ನೂ ಒಂದೇ ಶ್ರದ್ಧೆಯಿಂದ ಬರೆದಿಟ್ಟವರ ಕೆಲಸವದು. ನಮಗೆ ನಿಘಂಟು ಬೇಕಿಲ್ಲ. ಜೇಬಿನಲ್ಲೊಂದು ಸಣ್ಣ ಪುಸ್ತಕ ಸಾಕು. ದಿನಕ್ಕೆ ಐದು ಮಾತುಗಳನ್ನು ಅವು ಬಂದ ವಾಕ್ಯದ ಸಹಿತ ಬರೆದುಕೊಂಡು, ರಾತ್ರಿ ಓದಿ, ಮರುದಿನ ಆಡಿ ನೋಡಿದರೆ ವರ್ಷದ ಕೊನೆಗೆ ಸಾವಿರದ ಎಂಟುನೂರಕ್ಕೂ ಮಿಕ್ಕಿ ಮಾತುಗಳಾಗುತ್ತವೆ. ವಾರಕ್ಕೊಮ್ಮೆ ಮೂರು ತಾಸು ಕೂರುವುದಕ್ಕಿಂತ ದಿನವೂ ಅರ್ಧ ತಾಸು ಕೂರುವುದು ಲೇಸು. ಪ್ರಾರ್ಥನೆಯ ವಿಷಯದಲ್ಲಿಯೂ ನಾವು ಬಲ್ಲ ಸತ್ಯವಿದು.

ಗೌರವವೇ ಪ್ರೀತಿಯ ಗುರುತು

ಎಫ್ರಾಯೀಮ್ಯನು ‘ಷಿಬ್ಬೋಲೆತ್’ ಎನ್ನಲಾರದೆ ‘ಸಿಬ್ಬೋಲೆತ್’ ಎಂದುದಕ್ಕಾಗಿ ಯೊರ್ದನಿನ ಹಾಯ್ಗಡದಲ್ಲಿ ಹತನಾದನು (ನ್ಯಾಯಸ್ಥಾಪಕರು 12). ಪೇತ್ರನು ಗಲಿಲಾಯದವನೆಂದು ಅವನ ಉಚ್ಚಾರಣೆಯೇ ತೋರಿಸಿಕೊಟ್ಟಿತು (ಮತ್ತಾಯ 26:73). ಆದರೂ ಪಂಚಾಶತ್ತಮ ದಿನದಲ್ಲಿ ಎದ್ದು ನಿಂತು ಸಾರಿದವನು ಅದೇ ಪೇತ್ರನು. ಆ ದಿನ ಆತ್ಮನು ಪ್ರತಿಯೊಬ್ಬನಿಗೂ ಅವನವನ ಹುಟ್ಟುಭಾಷೆಯಲ್ಲಿ ಕೇಳುವಂತೆ ಮಾಡಿದನು. ಸೀಮೆಯ ಮಾತನ್ನು ‘ಅಶುದ್ಧ’ವೆಂದು ನಗುವವನು ಆ ದಿನದ ಕೃಪೆಯನ್ನು ಮರೆತವನು.

ಹಾಗೆಂದು ಪಾಲಕನು ಪೀಠದಿಂದ ಹಳ್ಳಿಯ ಮಾತನ್ನು ಅನುಕರಿಸಬೇಕೆಂದು ನಾವು ಹೇಳುತ್ತಿಲ್ಲ. ಹೊರಗಿನವನ ಬಾಯಲ್ಲಿ ಅದು ಅಣಕದಂತೆ ಕೇಳಿಸೀತು. ಆರಾಧನಾಕ್ರಮದ ಗಂಭೀರ ಕನ್ನಡವನ್ನು ಸಭೆಯವರೂ ತಮ್ಮದೆಂದೇ ಪ್ರೀತಿಸುತ್ತಾರೆ. ಬೇಕಾದದ್ದು ಇಷ್ಟು: ಅವರು ಆಡಿದ್ದು ಅವನಿಗೆ ಪೂರ್ಣವಾಗಿ ತಿಳಿಯಬೇಕು, ಅವನು ಆಡಿದ್ದು ಅವರ ಬದುಕನ್ನು ಮುಟ್ಟಬೇಕು. ತಾಂಡಾದ ಮನೆಯಲ್ಲಿ ಲಂಬಾಣಿಯ ಹತ್ತು ಮಾತು ಕಲಿತು ಕ್ಷೇಮವನ್ನು ವಿಚಾರಿಸಿದರೆ, ಆ ಹತ್ತು ಮಾತು ಒಂದು ಪ್ರಸಂಗಕ್ಕಿಂತ ಹೆಚ್ಚು ಕೆಲಸ ಮಾಡುವುದುಂಟು.

ಹೊಸ ಕ್ಷೇತ್ರಕ್ಕೆ ಹೊರಡುವ ಸಹೋದರ ಸಹೋದರಿಯರು ಅಲ್ಲಿ ತಮಗೊಬ್ಬ ಗುರುವನ್ನು ಹುಡುಕಿಕೊಳ್ಳಲಿ. ಆ ಗುರು ಅಕ್ಷರ ಬಲ್ಲವರಾಗಿರಬೇಕೆಂದಿಲ್ಲ. ತಪ್ಪನ್ನು ತಪ್ಪೆಂದು ಹೇಳುವ ಹಿರಿಯರೊಬ್ಬರು ಸಾಕು. ತಮ್ಮನ್ನು ಕೇಳಿ ಕಲಿತ ಪಾಲಕನ ಮಾತನ್ನು ಜನರು ಮನಸ್ಸಿಟ್ಟು ಕೇಳುತ್ತಾರೆ.